ನಾಲ್ಕು ಬೆರಳು ಎಡಕ್ಕೆ

ಮಗಳು ಬಿಟ್ಟ ಆರೂ ಬಾಣಗಳು ಗುರಿಯ ಹಾಳೆಯ ನಡುವಿನ ಹಳದಿ ವೃತ್ತದಿಂದ ನಾಲ್ಕು ಬೆರಳು ಎಡಕ್ಕೆ, ಒತ್ತೊತ್ತಾಗಿ ನಾಟಿದ್ದವು. ಬಿಲ್ಲಿನ ಹೆದೆಯನ್ನು ಹಿಡಿದೆಳೆದು ಬಿಡುವ ರಿಲೀಸ್ ಎಂಬ ಸಾಧನವನ್ನು ಅವಳು ಅಂದಷ್ಟೇ ಬದಲಾಯಿಸಿದ್ದಳು. ಮರುದಿನವೇ ಬೇಲೂರಿನಲ್ಲಿ ಪಂದ್ಯ. ಮಗು ಎದೆಗುಂದಬಾರದೆಂದು, ಅವಳು ಬಾಣ ಕಿತ್ತುಕೊಂಡು ನೀರು ಕುಡಿಯಲು ಹೋದಾಗ ಗುರಿಯ ಹಾಳೆಯನ್ನೇ ನಾಲ್ಕು ಬೆರಳು ಎಡಕ್ಕೆ ಸರಿಸಿಬಿಟ್ಟೆ.

ಬಂದವಳಿಗೆ ಒಂದೇ ನೋಟಕ್ಕೆ ಗೊತ್ತಾಯಿತು.

“ಅಪ್ಪ, ನಾಳೆ ಬೇಲೂರಿಗೂ ಬಂದು ಸರಿಸ್ತೀಯಾ? ಆರೂ ಒಂದೇ ಕಡೆ ಬಿದ್ದವೆ. ನನ್ನ ಕೈ ಸರಿಯಾಗೇ ಐತೆ ಕಣಪ್ಪ.”

ಹಾಳೆಯನ್ನು ಮೊದಲಿನ ಜಾಗಕ್ಕೆ ಹಾಕಿಸಿ, ಬಿಲ್ಲಿನ ಮೇಲೆ ಗುರಿ ನೋಡಲು ಇರುವ ಸೈಟಿನ ತಿರುಪನ್ನು ತುಸು ತಿರುಗಿಸಿದಳು. ಮುಂದಿನ ಬಾಣ ಹಳದಿಯ ನಟ್ಟನಡುವೆ ನಾಟಿತು.

ಬೇಲೂರಿನ ಪದಕ ಈಗ ಗೋಡೆಯ ಮೇಲಿದೆ. ಆದರೆ ಗಂಡಸಿ ಊರಿನ ನಮ್ಮ ಮನೆಗೆ ಬಂದವರಿಗೆ ನಾನು ಮೊದಲು ತೋರಿಸುವುದು ಆ ತೂತುಬಿದ್ದ ಹಾಳೆಯನ್ನು. ಅದನ್ನು ಸರಿಸಿದ್ದು ಯಾರೆಂಬುದನ್ನೂ ಹೇಳಿಯೇ ತೋರಿಸುತ್ತೇನೆ.