ಒದ್ದೆಯಣ್ಣನ ಬಾಣಲೆ

ಒದ್ದೆಯಣ್ಣನಿಗೆ ತಲೆ ಕೆಟ್ಟಿದೆ ಎಂದು ಈಗ ನಮ್ಮ ರಸ್ತೆ ಕೆಲಸದವರೆಲ್ಲ ಹೇಳುತ್ತಾರೆ. ಹೇಳಲಿ, ಆಡುವವರ ಬಾಯಿಗೆ ಬೀಗ ಹಾಕೋಕಾಗುತ್ತದೆಯೇ? ಆದರೆ ನಾನು ರೋಲರ್ ಓಡಿಸುವವನು, ಇಪ್ಪತ್ತೆರಡು ವರ್ಷ ಅವನ ಹಿಂದೆ ಮುಂದೆ ಓಡಾಡಿದವನು. ನಡೆದದ್ದು ನನಗೆ ಗೊತ್ತು. ಕೇಳಿ.

ಯಾವಾಗ ಕೇಳಿದರೂ "ಇನ್ನೂ ಒದ್ದೆ ಇದೆ ಕಣೋ" ಎನ್ನುತ್ತಿದ್ದುದರಿಂದ ಅವನಿಗೆ ಒದ್ದೆಯಣ್ಣ ಎಂದೇ ಹೆಸರು ಬಿದ್ದಿತ್ತು. ರಸ್ತೆ ಹಾಳಾಗುವುದು ಲಾರಿಯಿಂದ ಎಂದು ಜನ ತಿಳಿದಿದ್ದಾರೆ. ಅಲ್ಲ ಸ್ವಾಮಿ, ನೀರಿನಿಂದ. ಡಾಂಬರಿನ ಕೆಳಗೆ ಜಲ್ಲಿ, ಕಲ್ಲುಪುಡಿಯ ದಪ್ಪ ಹಾಸು ಇರುತ್ತದೆ. ಭಾರವನ್ನೆಲ್ಲ ಹೊರುವುದು ಅದು. ಅದು ನೆನೆದಿರುವಾಗ ಮೇಲೆ ಡಾಂಬರು ಮುಚ್ಚಿದರೆ ನೀರು ಒಳಗೇ ಸಿಕ್ಕಿಬಿದ್ದು, ಚಕ್ರ ಹಾದಾಗಲೆಲ್ಲ ಹಾಸನ್ನು ಕಲಕಿ ಕೆಸರು ಮಾಡುತ್ತದೆ. ಅದಕ್ಕೇ ಒದ್ದೆಯಣ್ಣ ಹಾಸಿನಿಂದ ಎರಡು ಕಿಲೋ ಅಗೆದು, ತೂಗಿ, ಕಬ್ಬಿಣದ ಬಾಣಲೆಯಲ್ಲಿ ಹುರಿದು ಮತ್ತೆ ತೂಗುತ್ತಿದ್ದ. ಎಷ್ಟು ಕಡಿಮೆಯಾಯಿತೋ ಅಷ್ಟು ನೀರು. ಅವನು ಪುಸ್ತಕದಲ್ಲಿ "ಒಣಗಿದೆ" ಎಂದು ಬರೆದ ಮೇಲೆಯೇ ಡಾಂಬರು. ಹುರಿಯುವಾಗ ಊಟದ ಡಬ್ಬಿಯ ಸ್ಟೀಲ್ ಮುಚ್ಚಳವನ್ನು ಮೇಲೆ ಹಿಡಿಯುತ್ತಿದ್ದ. ಮುಚ್ಚಳ ಬೆವರಿದರೆ ಒಳಗೆ ಇನ್ನೂ ನೀರಿದೆ ಎಂದರ್ಥ. "ಏನಣ್ಣ, ಉಪ್ಪು ಖಾರ ಹಾಕಲಾ?" ಎಂದು ನಾವು ರೇಗಿಸಿದರೆ, "ಮೊದಲು ಎಂಜಿನಿಯರ್ ಸಾಹೇಬರಿಗೆ ಬಡಿಸಿ, ಹಲ್ಲು ಗಟ್ಟಿ ಇದ್ರೆ ತಿನ್ನಲಿ" ಎನ್ನುತ್ತಿದ್ದ.

ಅವನ ಹೆಂಡತಿ, ನಮಗೆಲ್ಲ ಅತ್ತಿಗೆ. ಅವರ ಎರಡು ಕಿಡ್ನಿಯೂ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ದೊಡ್ಡಾಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು, ದಿನಕ್ಕೆ ಮೂರು ಲೋಟಕ್ಕಿಂತ ಹೆಚ್ಚು ನೀರು ಕುಡಿಯುವಂತಿಲ್ಲ. ಸಂಜೆ ಮನೆಗೆ ಹೋದವನು ಮೊದಲು ಅವರ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. ಒತ್ತಿದ ಗುಳಿ ಹಾಗೇ ಉಳಿದರೆ ಮೈಯಲ್ಲಿ ನೀರು ನಿಂತಿದೆ ಎಂದು ಅವನ ಮುಖ ಇಳಿದುಹೋಗುತ್ತಿತ್ತು. "ಊರ ರಸ್ತೆಗೆಲ್ಲ ಚರಂಡಿ ಮಾಡಿಸ್ತೀರ, ನನಗೊಂದು ಮಾಡಿಸೋಕಾಗಲಿಲ್ವಲ್ಲ ರೀ" ಎಂದು ಅತ್ತಿಗೆ ನಗುತ್ತಿದ್ದರು.

ಆ ವರ್ಷ ಅಗೆದು ಹೊಸದಾಗಿ ಹಾಕಬೇಕಾಗಿ ಬಂದದ್ದು ಆಸ್ಪತ್ರೆಯ ರಸ್ತೆಯನ್ನೇ. ಇಪ್ಪತ್ತು ನಿಮಿಷದ ದಾರಿ ಮುಚ್ಚಿತು, ಬಸ್ಸು ಕಲ್ಲು ಕ್ವಾರಿಯನ್ನು ಸುತ್ತಿ ಎರಡು ಗಂಟೆ ಕುಲುಕಾಡುತ್ತ ಹೋಗಬೇಕಾಯಿತು. ಜಲ್ಲಿ ಹಾಸಿ ಮುಗಿಸುವಷ್ಟರಲ್ಲಿ ಅಕಾಲ ಮಳೆ ಮೂರು ದಿನ ಹೊಡೆಯಿತು. ಎರಡು ಬದಿಯ ಮಣ್ಣಿನ ದಂಡೆಗಳ ನಡುವೆ ಹಾಸು ತೊಟ್ಟಿಯಂತೆ ತುಂಬಿ ನಿಂತಿತು. ಒದ್ದೆಯಣ್ಣ ದಂಡೆ ಕಡಿಸಿ ನೀರಿಗೆ ದಾರಿ ಮಾಡಿದ. "ಹತ್ತು ದಿನ ಯಾರೂ ಡಾಂಬರಿನ ಸುದ್ದಿ ಎತ್ತಬೇಡಿ" ಎಂದ. ಎಂಜಿನಿಯರ್ ಸಾಹೇಬರು ಗೊಣಗುತ್ತಲೇ ಒಪ್ಪಿದರು. ಅವರದೇನೂ ತಪ್ಪಿಲ್ಲ, ಇದನ್ನು ನೆನಪಿಡಿ.

ನಾಲ್ಕನೇ ದಿನ ಅತ್ತಿಗೆ ಆಸ್ಪತ್ರೆಯಿಂದ ಬಂದು ಬಸ್ಸಿಳಿದದ್ದನ್ನು ನಾವಿಬ್ಬರೂ ನೋಡಿದೆವು. ಎರಡು ಹೆಜ್ಜೆ ಇಟ್ಟು, ಜಲ್ಲಿ ರಾಶಿಯ ಮೇಲೆ ಕುಸಿದು ಕೂತು, ಕೈಚೀಲದೊಳಕ್ಕೇ ವಾಂತಿ ಮಾಡಿಕೊಂಡರು.

"ಇನ್ನು ನನ್ನ ಕೈಲಾಗಲ್ಲ ರೀ. ಮನೇಲೇ ಸಾಯ್ತೀನಿ, ಆ ಬಸ್ ಮಾತ್ರ ಬೇಡ."

ಒದ್ದೆಯಣ್ಣ ಕೈಚೀಲವನ್ನು ತಾನೇ ಹಿಡಿದು ಅವರನ್ನು ಮನೆಗೆ ಕರೆದುಕೊಂಡು ಹೋದ. ಮರುದಿನ ಬಾಣಲೆಯನ್ನು ಒಲೆಯ ಮೇಲೆ ಇಡದೆಯೇ ಪುಸ್ತಕದಲ್ಲಿ "ಒಣಗಿದೆ" ಎಂದು ಬರೆದ.

ಡಾಂಬರು ಬಿತ್ತು, ನಾನು ರೋಲರ್ ಹತ್ತಿಸಿದೆ. ಸೀಟಿನ ಕೆಳಗೆ ರಸ್ತೆ ಹಾಸಿಗೆಯ ಹಾಗೆ ತಗ್ಗುತ್ತಿತ್ತು, ಏಳುತ್ತಿತ್ತು. ಗಾಡಿ ನಿಲ್ಲಿಸಿದೆ.

"ಅಣ್ಣ, ಕೆಳಗೆ ಅಲುಗಾಡ್ತಿದೆ."

"ನಿನ್ನ ಗಾಡಿ ಹಳೇದು. ಓಡಿಸು."

"ಅಣ್ಣ, ನಿಜವಾಗ್ಲೂ..."

"ಓಡಿಸೋ ಅಂದೆನಲ್ಲ!"

ಅವನು ನನ್ನ ಮೇಲೆ ಕೂಗಾಡಿದ್ದು ಅದೊಂದೇ ಸಲ. ಕಣ್ಣು ಮಾತ್ರ ನನ್ನ ಕಡೆ ಇರಲಿಲ್ಲ. ಸಾಹೇಬರು ಅಲ್ಲೇ ನಾಲ್ಕು ಹೆಜ್ಜೆ ಆಚೆ ನಿಂತಿದ್ದರು. ಒಂದು ಮಾತು ಅವರ ಕಿವಿಗೆ ಹಾಕಿದ್ದರೆ ಸಾಕಿತ್ತು. ಜಲ್ಲಿ ರಾಶಿಯ ಮೇಲೆ ಕೂತ ಅತ್ತಿಗೆ ಕಣ್ಣ ಮುಂದೆ ಬಂದರು. ಬಾಯಿ ಮುಚ್ಚಿಕೊಂಡು ಓಡಿಸಿದೆ.

ಐದು ತಿಂಗಳು ಎಲ್ಲ ಚೆನ್ನಾಗಿತ್ತು. "ನಿಮ್ಮಣ್ಣ ಹಾಕಿದ ರಸ್ತೇಲಿ ತುಂಬಿದ ಲೋಟ ಹಿಡ್ಕೊಂಡು ಹೋಗಬಹುದು ಕಣಪ್ಪ, ಕುಡಿಯೋ ಹಾಗಿಲ್ಲ ಅಷ್ಟೆ" ಎಂದು ಅತ್ತಿಗೆ ಹೊಗಳಿದರೆ ಅವನು ಎದ್ದು ಆಚೆ ಹೋಗುತ್ತಿದ್ದ.

ಮಳೆಗಾಲ ಹಿಡಿಯಿತು. ಡಾಂಬರಿನ ಮೇಲೆ ಬಲೆ ಹರಡಿದಂತೆ ಬಿರುಕು ಬಿಟ್ಟಿತು. ಬಸ್ಸು ಹಾದಾಗ ಬಿರುಕಿನಿಂದ ಬೆಳ್ಳಗಿನ ನೀರು ಚಿಮ್ಮತೊಡಗಿತು. ಅವನು ಅದನ್ನು ಬೆರಳಲ್ಲಿ ತಿಕ್ಕಿ ನೋಡಿದ. ಕಲ್ಲುಪುಡಿ. ಒಳಗಿನ ಹಾಸು ಕದಡಿ ಹೊರಗೆ ಬರುತ್ತಿತ್ತು. ವಾರದೊಳಗೆ ನಾಲೆ ಪಕ್ಕದ ತಿರುವಿನಲ್ಲಿ ಬಸ್ಸಿನ ಮುಂಚಕ್ರ ಕುಸಿದು ಕಂಡಕ್ಟರನ ಎರಡು ಹಲ್ಲು ಹೋದವು. ಸಾಹೇಬರು ಬಸ್ಸು ನಿಲ್ಲಿಸಿ ಒದ್ದೆಯಣ್ಣನನ್ನೇ ಕರೆಸಿದರು. "ನೀವು ನೋಡಿ ಹೇಳಿ, ಒಂದು ಬದಿಯಲ್ಲಾದ್ರೂ ಬಸ್ ಬಿಡಬಹುದಾ?"

ಮೂರು ಕಡೆ ಅಗೆದು ಮೂರು ಸಲ ಹುರಿದ. ಮುಚ್ಚಳದಿಂದ ಹನಿ ತೊಟ್ಟಿಕ್ಕುತ್ತಿತ್ತು. "ಬಸ್ ಬಿಡಬಹುದು ಅಂತ ಬರೆದುಬಿಡಣ್ಣ, ಇಲ್ಲದಿದ್ರೆ ಅತ್ತಿಗೆ ಗತಿ ಏನು?" ಎಂದು ನಾನೇ ಅವನ ಕಿವಿಯಲ್ಲಿ ಹೇಳಿದೆ. ಹೌದು, ನಾನೇ! ಸಂಜೆಯವರೆಗೆ ಸಮಯ ಕೇಳಿಕೊಂಡು ಅವನು ಮನೆಗೆ ಹೋದ. ಹಿಂದೆ ಬರೆದ ಸುಳ್ಳನ್ನೂ ಸೇರಿಸಿ ಹೆಂಡತಿಗೆ ಎಲ್ಲ ಹೇಳಿದನಂತೆ. ಅವರು ಕೇಳಿದ್ದು ಒಂದೇ ಮಾತು.

"ಆ ಬಸ್ಸಲ್ಲಿ ನಾನೊಬ್ಬಳೇ ಇರ್ತೀನೇನ್ರೀ?"

ಸಂಜೆ ಬಂದು ರಸ್ತೆ ಮುಚ್ಚಿಸಿದ. ಎರಡೇ ದಿನಕ್ಕೆ ಕ್ವಾರಿ ದಾರಿಯ ಸೇತುವೆಯ ಮೇಲೂ ನೀರು ಹರಿಯಿತು. ಆಸ್ಪತ್ರೆಯಲ್ಲೇ ಇರಿಸೋಣವೆಂದರೆ ಹಾಸಿಗೆ ಖಾಲಿ ಇಲ್ಲ ಎಂದು ಮೊದಲೇ ಕೈಯಲ್ಲಾಡಿಸಿದ್ದರು. ನಾಲ್ಕು ದಿನ ಯಾವ ಗಾಡಿಯೂ ಆಚೆ ದಾಟಲಿಲ್ಲ. ಅತ್ತಿಗೆಗೆ ನೀರು ಎದೆಗೇರಿತು. ಮಲಗಲಾಗದೆ ಗೋಡೆಗೊರಗಿ ಕೂತೇ ಉಸಿರೆಳೆದರು, ಐದನೆಯ ದಿನ ಬೆಳಿಗ್ಗೆ ಅದೂ ನಿಂತಿತು. ನಾನು ಹೋದಾಗ ಅವನ ಹೆಬ್ಬೆರಳು ಇನ್ನೂ ಅವರ ಪಾದದ ಮೇಲೇ ಇತ್ತು. "ಕೈ ತೆಗಿಯಣ್ಣ" ಎಂದು ನಾನೇ ಎತ್ತಿದೆ.

ಡಾಂಬರು ಹಾಕುವ ಮುಂಚೆ ಇನ್ನೈದು ದಿನ ಕಾದಿದ್ದರೆ ಆ ರಸ್ತೆ ಹತ್ತು ವರ್ಷ ಬರುತ್ತಿತ್ತು. ಅತ್ತಿಗೆ ಆ ದರಿದ್ರ ಬಸ್ಸನ್ನು ಎರಡೋ ಮೂರೋ ಸಲ ಹತ್ತಿದ್ದರೆ ಮುಗಿದಿತ್ತು. ಎರಡೋ ಮೂರೋ ಸಲ!

ಮಳೆಗಾಲ ಕಳೆದ ಮೇಲೆ ರಸ್ತೆಯನ್ನು ಬುಡದಿಂದ ಅಗೆದು ಹೊಸ ಜಲ್ಲಿ ಹಾಸಿದೆವು. ಇಪ್ಪತ್ತು ದಿನ ರಣಬಿಸಿಲು. ಕಾಲಿಟ್ಟರೆ ಧೂಳು ಏಳುತ್ತಿತ್ತು. ಒದ್ದೆಯಣ್ಣ ಹುರಿದ, ಮುಚ್ಚಳದ ಮೇಲೆ ಒಂದು ಹನಿಯೂ ಇಲ್ಲ. ತೂಗಿದ, ತೂಕ ಒಂದು ಗ್ರಾಮೂ ಇಳಿದಿರಲಿಲ್ಲ.

"ಒದ್ದೆ ಇದೆ" ಎಂದ.

"ಏನ್ರೀ ತಮಾಷೆ! ಧೂಳು ಕಣ್ಣಿಗೆ ಬೀಳ್ತಿದೆ!" ಎಂದರು ಸಾಹೇಬರು.

"ಒದ್ದೆ ಇದೆ ಸರ್. ಡಾಂಬರು ಹಾಕಬೇಡಿ." ಅವನು ಒಣ ಮುಚ್ಚಳವನ್ನು ಮತ್ತೆ ಬಾಣಲೆಯ ಮೇಲೆ ಹಿಡಿದ.

ಕೆಲಸದವರು ಕಿಸಕ್ಕೆಂದರು. ಸಾಹೇಬರು ನನ್ನ ಕಡೆ ತಿರುಗಿ, "ನೀನು ರೋಲರ್ ಹತ್ತಿಸಯ್ಯ, ನೆಲ ಹೇಗಿದೆ ಹೇಳು" ಎಂದರು. ಒಂದು ಸಲ ಆ ತುದಿಯವರೆಗೆ ಓಡಿಸಿ ತಂದೆ. ಕೆಳಗೆ ನೆಲ ಬಂಡೆಯಷ್ಟು ಗಟ್ಟಿ. ಎಂಜಿನ್ ಆಫ್ ಮಾಡಿ, ಇಳಿದು, ಅವನ ಪಕ್ಕದಲ್ಲಿ ನಿಂತೆ.

"ಅಲುಗಾಡ್ತಿದೆ ಸರ್" ಎಂದೆ.

ಆ ಮಾತನ್ನು ನಾನು ಹೋದ ಸಲವೇ ಸಾಹೇಬರಿಗೆ ಹೇಳಬೇಕಿತ್ತು.