ಸಿದ್ದಕ್ಕನ ಎಡಗಿವಿ

ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಮೂಟೆ ತೂಗುವುದು ನನ್ನ ಕೆಲಸ. ಜೀವನದಲ್ಲಿ ನನಗೆ ಸಿಕ್ಕಿರುವ ಏಕೈಕ ಅಧಿಕಾರವೆಂದರೆ ‘ಕನ್ಯಾಕುಮಾರಿ ಟೂರ್’ ವಾಟ್ಸಾಪ್ ಗುಂಪಿನ ಅಡ್ಮಿನ್‌ಗಿರಿ. ಬಸ್ ಪ್ರವಾಸ ಮುಗಿದು ತಿಂಗಳಾದರೂ ಗುಂಪು ಸತ್ತಿರಲಿಲ್ಲ; ಸಾಯಲು ನಾನು ಬಿಟ್ಟಿರಲಿಲ್ಲ. ಮುನ್ನೂರು ಫೋಟೋ ತೆಗೆದಿದ್ದೆ. ಇನ್ನೂರರಲ್ಲಿ ಸಮುದ್ರಕ್ಕೆ ಅಡ್ಡವಾಗಿ ನನ್ನ ಮುಖವೇ ಇತ್ತು. ದಿನಕ್ಕೊಂದು ಹಾಕಿ, ಕೆಳಗೊಂದು ತಮಾಷೆ ಬರೆದು, ಎಷ್ಟು ಜನ ನಕ್ಕರೆಂದು ನೋಡುತ್ತಾ ಕೂರುತ್ತಿದ್ದೆ.

ಒಂದು ದಿನ ಸಿದ್ದಕ್ಕನ ಸರದಿ ಬಂತು.

ಸಿದ್ದಕ್ಕ ಬಿಳಿಗೆರೆಯವರು, ಅರವತ್ತರ ಹತ್ತಿರ. ನಮ್ಮ ಕಡೆ ತೆಂಗಿನಕಾಯಿಯನ್ನು ಹೆಚ್ಚೂಕಮ್ಮಿ ವರ್ಷ ಅಟ್ಟದ ಮೇಲೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು. ಅವಸರಪಟ್ಟು ಒಡೆದರೆ ಕಾಯಿ ಹಾಳು. ಯಾವುದು ಆಗಿದೆ, ಯಾವುದು ಆಗಿಲ್ಲ ಎಂದು ಕಿವಿಗೆ ಹಿಡಿದು ಹೇಳುವುದರಲ್ಲಿ ಸಿದ್ದಕ್ಕನನ್ನು ಮೀರಿಸಿದವರಿಲ್ಲ. ಅಟ್ಟದ ಕಾಯಿ ಇಳಿಸುವ ಮನೆಗಳೆಲ್ಲ ಮೊದಲು ಅವರಿಗೆ ಹೇಳಿಕಳಿಸುತ್ತವೆ. ಗಂಡ ಹೋದ ಮೇಲೆ ಅವರ ಒಲೆ ಉರಿದಿರುವುದು ಕಿವಿಯಿಂದಲೇ.

ಕನ್ಯಾಕುಮಾರಿಯಲ್ಲಿ ನಾವೆಲ್ಲ ಮುಳುಗುವ ಸೂರ್ಯನಿಗೆ ಬಾಯಿಬಿಟ್ಟುಕೊಂಡು ನಿಂತಿದ್ದರೆ, ಸಿದ್ದಕ್ಕ ತೆಂಗಿನಕಾಯಿ ಗಾಡಿಯವನ ರಾಶಿಯಿಂದ ಒಂದು ಕಾಯಿ ಎತ್ತಿ ಕಿವಿಗೆ ಹಿಡಿದಿದ್ದರು. ಆ ಫೋಟೋ ಹಾಕಿ ಬರೆದೆ: “ಸಿದ್ದಕ್ಕ ಊರಿಗೆ ಫೋನ್ ಮಾಡ್ತಾ ಇದಾರೆ.”

“ನೆಟ್‌ವರ್ಕ್ ಸಿಗ್ತಾ ಸಿದ್ದಕ್ಕ?” ಎಂದ ರವಿಕಿರಣ್. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಹೆಗಲ ಮೇಲೆ ಗೊರಕೆ ಹೊಡೆದ ಗೆಳೆಯ ಅವನು. ನಗುವ ಮುಖಗಳು ಸಾಲುಗಟ್ಟಿದವು. ಆಮೇಲೆ ಬಿಳಿಗೆರೆಯಲ್ಲೇ ದೊಡ್ಡ ತೋಟವಿರುವ ಚಿಕ್ಕಗೌರಮ್ಮ ಬರೆದರು: “ಸಿದ್ದಕ್ಕ ಯಾವಾಗ್ಲೂ ಬಲಗಿವೀಗಲ್ವ ಹಿಡಿಯೋದು? ಇದ್ಯಾಕೆ ಎಡಕ್ಕೆ?”

ಗುಂಪು ತಣ್ಣಗಾಯಿತು. ಆ ಮಾತಿನ ಅರ್ಥ ಎಲ್ಲರಿಗೂ ಹೊಳೆಯಿತು, ಫೋಟೋ ತೆಗೆದ ನನ್ನೊಬ್ಬನನ್ನು ಬಿಟ್ಟು.

ಏನೆಂದು ಕೇಳಲು ಮಾರನೆಯ ದಿನ ಬಿಳಿಗೆರೆಗೆ ಹೋದೆ. ಸಿದ್ದಕ್ಕ ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು.

“ವರ್ಷದಿಂದ ಬಲಗಿವಿ ಮಂದ ಕಣಪ್ಪ. ಎಡಗಿವೀಲಿ ಸಂದಾಕೇ ಕೇಳ್ತೈತೆ. ಆದ್ರೂ ಜನ ಏನಂತಾರೋ ಅಂತ ಬೆನ್ನು ತಿರುಗಿಸ್ಕಂಡು ಅಲ್ಲಾಡಿಸ್ತಿದ್ದೆ. ಸೋಮವಾರ ಗೌರಮ್ಮನೋರ ಅಟ್ಟ ಇಳಿಸ್ಬೇಕು. ಇನ್ನೆಲ್ಲಿ ಕರೀತಾರೆ, ಬುಡು.”

ಸೊಕ್ಕಿಗೆ ಹಾಕಿದ ಫೋಟೋ ಅವರ ಅನ್ನಕ್ಕೆ ಕೈ ಹಾಕಿತ್ತು. ಅಡ್ಮಿನ್ ಅಲ್ಲವೇ, ಅಲ್ಲೇ ಕೂತು ಪರಿಹಾರ ಬರೆದೆ: “ಅದು ಸೆಲ್ಫಿ ಕ್ಯಾಮೆರಾ. ಕನ್ನಡೀಲಿ ಕಂಡಂಗೆ ಎಡ ಬಲ ಅದಲುಬದಲಾಗಿದೆ.”

ಎರಡೇ ನಿಮಿಷಕ್ಕೆ ರವಿಕಿರಣ್ ಉತ್ತರ: “ಲೇ, ಹಿಂದೆ ನಿಂತಿರೋ ನಮ್ಮ ಬಸ್ಸಿನ ಹೆಸರು ನೆಟ್ಟಗೇ ಓದಕ್ಕಾಗ್ತೈತಲ್ಲೋ! ಅದೊಂದು ಅದಲುಬದಲಾಗ್ಲಿಲ್ವೇನ್ಲಾ?”

ಸಿದ್ದಕ್ಕ ಅದನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿದರು. ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಗು ನಿಂತ ಮೇಲೆ ತಮ್ಮ ಫೋನ್ ಎತ್ತಿ ಗುಂಪಿಗೆ ಮಾತು ರೆಕಾರ್ಡ್ ಮಾಡಿ ಕಳಿಸಿದರು: “ಬಲಗಿವಿ ಮಂದ ಆಗೈತೆ ಕಣ್ರವ್ವ. ಎಡಗಿವೀಲಿ ಕೇಳ್ತೀನಿ. ನಂಬಿಕೆ ಇದ್ರೆ ಕರೀರಿ.”

ಅವರೆಕಾಯಿ ಮುಗಿಯುವ ಹೊತ್ತಿಗೆ ಚಿಕ್ಕಗೌರಮ್ಮ ಬರೆದರು: “ಸೋಮವಾರ ಬಾ. ನೋಡೇ ಬುಡಾಣ.”

ಸೋಮವಾರ ಖಾಲಿ ಚೀಲ ಕೊಡುವ ನೆಪದಲ್ಲಿ ನಾನೂ ಹೋದೆ. ಚಿಕ್ಕಗೌರಮ್ಮ ತಾವೇ ಮೂರು ಕಾಯಿ ಆರಿಸಿಕೊಟ್ಟರು. ಸಿದ್ದಕ್ಕ ಈ ಸಲ ಬೆನ್ನು ತಿರುಗಿಸಲಿಲ್ಲ. ಎಲ್ಲರ ಎದುರೇ ಎಡಗಿವಿಗೆ ಹಿಡಿದರು.

“ಇದಾಗೈತೆ. ಇದೂ ಆಗೈತೆ. ಇದು ಬ್ಯಾಡ, ಇನ್ನೊಂದು ತಿಂಗಳಿರ್ಲಿ.”

ಚಿಕ್ಕಗೌರಮ್ಮ ಮೂರನ್ನೂ ಒಡೆಸಿದರು. ಎರಡರಿಂದ ಒಣಗಿದ ಗುಂಡು ಕೊಬ್ಬರಿ ಉರುಳಿತು. ಮೂರನೆಯದರಿಂದ ಒಂದು ಚಮಚದಷ್ಟು ನೀರು ನೆಲಕ್ಕೆ ಇಳಿಯಿತು. ಚಿಕ್ಕಗೌರಮ್ಮ ಕೂರಲು ಮಣೆಯೊಂದನ್ನು ಸಿದ್ದಕ್ಕನ ಕಡೆ ತಳ್ಳಿದರು.

ಉತ್ಸಾಹ ತಡೆಯದೆ ನಾನೂ ಒಂದು ಅಲ್ಲಾಡಿಸಿ, “ಇದಾಗೈತೆ ಅಕ್ಕ” ಎಂದೆ. ಸಿದ್ದಕ್ಕ ಕಿತ್ತುಕೊಂಡು ಕೇಳಿ ಪಕ್ಕಕ್ಕಿಟ್ಟರು. “ಇದಿನ್ನೂ ಎಳಸು. ಥೇಟ್ ನಿನ್ನಂಗೇ.”

“ಒಂದು ಫೋಟೋ ತೆಗೀಲಾ?”

“ತೆಗಿ. ಎಡಗಡೆಯಿಂದ ತೆಗಿ. ಕೆಳಗಡೆ ಏನೂ ಬರೀಬ್ಯಾಡ.”