ಅಮ್ಮನ ಉಸಿರಿಗೆ ಎರಡು ಬಾಗಿಲು

ಅರಿವಳಿಕೆ ಕೊಡುವ ಯಂತ್ರಗಳ ರಿಪೇರಿ ನನ್ನ ಕೆಲಸ. ತಮಿಳುನಾಡಿನ ಅವಿನಾಶಿಯ ಆಸ್ಪತ್ರೆಯಲ್ಲಿ ಅಮ್ಮನ ಪಿತ್ತಕೋಶದ ಆಪರೇಷನ್‌ಗೆ ಇಟ್ಟಿದ್ದೂ ನಾನೇ ಸರ್ವೀಸ್ ಮಾಡಿದ ಯಂತ್ರ. ಹಿಂದಿನ ಸಂಜೆ, ಮಗ್ಗದಲ್ಲೇ ಬದುಕು ಕಳೆದ ಅಮ್ಮ ಕೇಳಿದಳು, "ಅದರೊಳಗೆ ಉಸಿರು ಲಾಳಿ ತರಾ ಹೋಗಿ ಬರ್ತದಾ?"

"ಇಲ್ಲಮ್ಮ, ಹೋದ ದಾರೀಲಿ ವಾಪಸ್ ಬರಬಾರದು. ಒಂದೇ ಕಡೆ ತೆರೆಯೋ ಬಾಗಿಲ ತರಾ ಎರಡು ವಾಲ್ವ್ ಇವೆ. ಉಸಿರು ಎಳೆದಾಗ ಒಂದರ ಬಿಲ್ಲೆ ಏಳ್ತದೆ, ಬಿಟ್ಟಾಗ ಇನ್ನೊಂದರದು. ಉಸಿರಿನ ಪಸೆಗೆ ಬಿಲ್ಲೆ ತೆರೆದೇ ಅಂಟಿಕೊಂಡರೆ ಬಿಟ್ಟ ಗಾಳೀನೇ ಮತ್ತೆ ಎಳೀಬೇಕು."

"ಅಂಟಿಕೊಳ್ಳಲ್ಲ ತಾನೆ?"

"ನಾನೇ ಒರೆಸಿ ಕೂರಿಸಿದೀನಿ."

"ಹಾಗಾದರೆ ಸರಿ ಬಿಡಪ್ಪ" ಎಂದು ಮಗ್ಗುಲಾಗಿ ಮಲಗಿಬಿಟ್ಟಳು. ನಿದ್ದೆ ಬಾರದ್ದು ನನಗೆ.

ಈಗ ಹುಷಾರಾಗಿದ್ದಾಳೆ. ನೋಡಲು ಬಂದವರಿಗೆಲ್ಲ ಕನ್ನಡದಲ್ಲೊಮ್ಮೆ, ತಮಿಳಿನಲ್ಲೊಮ್ಮೆ ಹೇಳುತ್ತಾಳೆ, ಉಸಿರು ಕೊಟ್ಟವನು ಮಗನೇ ಎಂದು. ಕೊಯ್ದು ಹೊಲಿದ ಡಾಕ್ಟರ ಹೆಸರು ಮಾತ್ರ ನೆನಪಿಲ್ಲವಂತೆ.